ಹೆಟ್ಟಿ ಚಿಕ್ಕಮ್ಮ ತುಂಬಿಸಿದ ನಲವತ್ತು ನಿಮಿಷ

ಅರವತ್ಮೂರನೆಯ ಇಸವಿಯ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಚೆಂಡು ಉರುಳಿದ್ದೇ ಅಪರೂಪ. ಕ್ರಿಸ್‌ಮಸ್ ಮಾರನೆಯ ದಿನ ಬೀಳಲು ಹಿಡಿದ ಹಿಮ ನೆಲ ಬಿಟ್ಟು ಏಳಲೇ ಇಲ್ಲ. ಫುಟ್ಬಾಲ್ ಮೈದಾನಗಳೆಲ್ಲ ಕಲ್ಲುಚಪ್ಪಡಿಯಾದವು. ಪಂದ್ಯದ ಕುದುರೆಗಳು ಲಾಯದಲ್ಲೇ ನಿಂತು ಕೊಬ್ಬಿದವು. ಜನರಿಗೆ ಇದರಿಂದ ಬೇಸರವಾಗಿರಬಹುದು, ನಮಗೆ ಮಾತ್ರ ಪ್ರಾಣಸಂಕಟ. ಯಾಕೆಂದರೆ ನಾವು ಟೆಲಿವಿಷನ್ನಿನವರು. ಶನಿವಾರ ಮಧ್ಯಾಹ್ನ ಒಂದರಿಂದ ಐದರವರೆಗೆ ಆಟೋಟಗಳ ನೇರಪ್ರಸಾರ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿಕೊಂಡು ಕೂತಿದ್ದವರು.

ಆಗ ನನಗೆ ಇಪ್ಪತ್ಮೂರು. ಮೂರ್‌ಲ್ಯಾಂಡ್ ಟೆಲಿವಿಷನ್ ಕಂಪನಿಯ ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಸಹಾಯಕಿ. ಕೊರಳಲ್ಲಿ ಒಂದು ಸ್ಟಾಪ್‌ವಾಚು, ಕೈಯಲ್ಲಿ ಆ ದಿನದ ಕಾರ್ಯಕ್ರಮದ ಹಾಳೆ. ಇಷ್ಟೇ ನನ್ನ ಆಸ್ತಿ. "ಇನ್ನು ಮೂರು ನಿಮಿಷ, ಇನ್ನು ಎರಡು, ಇನ್ನು ಹತ್ತು ಸೆಕೆಂಡು" ಎಂದು ಹೇಳುವುದೇ ಕೆಲಸ. ಚಿತ್ರ ಹೇಗಿರಬೇಕು ಎಂದು ಹೇಳುವ ಕುರ್ಚಿ ಪಕ್ಕದ್ದು. ಅದರಲ್ಲಿ ಮಿಸ್ಟರ್ ಕೆನ್ಯನ್ ಕೂರುತ್ತಿದ್ದರು. ಆ ಕುರ್ಚಿಯ ಮೇಲೆ ನನ್ನ ಕಣ್ಣಿತ್ತು ಎಂಬುದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಹೆಂಗಸರು ಅಲ್ಲಿ ಕೂರುವ ಕಾಲ ಇನ್ನೂ ಬಂದಿರಲಿಲ್ಲ.

ಆ ಶನಿವಾರದ ಹಾಳೆ ನನಗೆ ಇವತ್ತಿಗೂ ಬಾಯಿಪಾಠ. ಒಂದು ಗಂಟೆಗೆ ಸ್ಟುಡಿಯೋದಲ್ಲಿ ಹಿಮದ ಬಗ್ಗೆ ಹರಟೆ. ಒಂದೂ ಇಪ್ಪತ್ತಕ್ಕೆ ಸ್ವಿಟ್ಜರ್ಲೆಂಡಿನ ಹಿಮಜಾರಾಟದ ಫಿಲ್ಮು, ಅದನ್ನು ಹಿಂದಿನ ಎರಡು ವಾರವೂ ತೋರಿಸಿಯಾಗಿತ್ತು. ಎರಡಕ್ಕೆ ಟೇಬಲ್ ಟೆನ್ನಿಸ್. ಎರಡೂ ಮುಕ್ಕಾಲರಿಂದ ಮೂರೂ ಇಪ್ಪತ್ತೈದರವರೆಗೆ ಕ್ರಾಗ್‌ಡೆನ್‌ನಿಂದ ರಗ್ಬಿ ಪಂದ್ಯದ ಮೊದಲರ್ಧ. ಆಮೇಲೆ ಈಜು, ನಾಲ್ಕಕ್ಕೆ ಕುಸ್ತಿ, ಐದಕ್ಕೆ ಮಕ್ಕಳ ಧಾರಾವಾಹಿ. ಇದರಲ್ಲಿ ಕ್ರಾಗ್‌ಡೆನ್ನಿನ ನಲವತ್ತು ನಿಮಿಷ ನಮ್ಮದು. ಕ್ರಾಗ್‌ಡೆನ್ ಅಂದರೆ ಉತ್ತರದ ಯಾರ್ಕ್‌ಷೈರಿನ ಗುಡ್ಡದ ಸಂದಿಯಲ್ಲಿ ಸಿಕ್ಕಿಕೊಂಡ ಉಣ್ಣೆಗಿರಣಿಯ ಊರು. ನಾನು ಹುಟ್ಟಿದ್ದೂ ಅಲ್ಲೇ.

ರಗ್ಬಿ ಸಂಘದವರು ವಾರವಿಡೀ ಮೈದಾನದ ಮೇಲೆ ಹುಲ್ಲು ಹಾಸಿ, ಅಲ್ಲಲ್ಲಿ ಕೆಂಡದ ಒಲೆ ಇಟ್ಟು ಕಾಯಿಸಿದ್ದರು. ಹನ್ನೆರಡೂ ಹತ್ತಕ್ಕೆ ರೆಫರಿ ಬಂದ. ಹುಲ್ಲು ಸರಿಸಿ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಕುಟ್ಟಿದ. ಟಣ್ ಎಂದಿತು.

"ಇದ್ರ ಮೇಲೆ ಆಡಿಸಿದ್ರೆ ನಾಳೆ ಆಸ್ಪತ್ರೇಲಿ ಮಂಚ ಸಾಲಲ್ಲ" ಎಂದು ಹೇಳಿ ಮನೆಗೆ ಹೋದ.

ಕೆನ್ಯನ್ ಮುಖ್ಯ ಕಚೇರಿಗೆ ಫೋನು ಮಾಡಿದರು. ಆ ಕಡೆಯ ಕೂಗಾಟ ವ್ಯಾನಿನ ತುದಿಯವರೆಗೂ ಕೇಳಿಸುತ್ತಿತ್ತು. ಈಜುಕೊಳದ ನೀರು ಕಾಯಿಸುವ ಬಾಯ್ಲರೂ ಒಡೆದಿತ್ತು. ಅಲ್ಲಿನ ಮೂವತ್ತೈದು ನಿಮಿಷಕ್ಕೇ ಏನು ಹಾಕುವುದೆಂದು ತೋಚದೆ ಒದ್ದಾಡುತ್ತಿದ್ದರು. "ಏನಾದ್ರೂ ತೋರಿಸಿ, ಖಾಲಿ ಪರದೆ ಮಾತ್ರ ಬೇಡ" ಎಂದು ಫೋನಿಟ್ಟರು.

ಕೆನ್ಯನ್ ತಲೆ ಮೇಲೆ ಕೈ ಹೊತ್ತು ಕೂತರು. ಒಳ್ಳೆಯ ಮನುಷ್ಯ, ಆದರೆ ಇಂಗ್ಲೆಂಡಿನ ದಕ್ಷಿಣದವರು. ನಮ್ಮ ಕಡೆಯ ಚಳಿ, ನಮ್ಮ ಮಾತು, ನಮ್ಮ ಬಟಾಣಿ ಗೊಜ್ಜು ಮೂರೂ ಅವರಿಗೆ ಒಗ್ಗುತ್ತಿರಲಿಲ್ಲ.

"ಸರ್," ಎಂದೆ. "ಇವತ್ತು ಚಾಪೆಲ್ ಹಾಲ್‌ನಲ್ಲಿ ಡಾಮಿನೊ ಫೈನಲ್ ಇದೆ."

"ಡಾಮಿನೊ? ಅದು ಕುಡುಕರ ಆಟ ಅಲ್ವಾ?"

"ಇಲ್ಲಿ ಹೆಂಗಸರ ಆಟ ಸರ್. ಹದಿನಾಲ್ಕು ತಂಡದವರು ಒಬ್ಬರಿಗೊಬ್ಬರು ಎದುರು ಕೂತು ಆಡ್ತಾರೆ. ನಮ್ಮ ಚಿಕ್ಕಮ್ಮ ಏಳು ಸಲ ಕಪ್ ಗೆದ್ದಿದ್ದಾಳೆ. ಹಾಲ್ ಇಲ್ಲಿಂದ ರಸ್ತೆ ದಾಟಿದ್ರೆ ಸಿಗುತ್ತೆ, ನಮ್ಮ ಕೇಬಲ್ ಮುಟ್ಟುತ್ತೆ. ಒಳಗೆ ಬೆಚ್ಚಗೂ ಇರುತ್ತೆ."

ಬೆಚ್ಚಗೆ ಎಂಬ ಮಾತಿಗೆ ಅವರು ತಲೆಯೆತ್ತಿದರು. "ನೋಡು ಮ್ಯಾವಿಸ್, ಇದು ಕೆಟ್ಟುಹೋದ್ರೆ ನಾನು ನಿನ್ನ ಹೆಸರು ಹೇಳ್ತೀನಿ."

"ಚೆನ್ನಾಗಿ ಆದ್ರೆ ಸರ್?"

"ಆಗ ನನ್ನ ಹೆಸರು ಹೇಳ್ತೀನಿ."

ಲೆಕ್ಕ ಸ್ಪಷ್ಟವಾಗಿತ್ತು. ನಾನು ಬೂಟು ಹಾಕಿಕೊಂಡು ಓಡಿದೆ.

ಹಾಲ್‌ನಲ್ಲಿ ಸೀಮೆಎಣ್ಣೆ ಒಲೆಯ ವಾಸನೆ, ಒದ್ದೆ ಕೋಟುಗಳ ವಾಸನೆ, ಚಹಾದ ಹಬೆ. ಹಿಂದಿನ ಪುಟ್ಟ ಅಡುಗೆಮನೆಯಲ್ಲಿ ಹೆಟ್ಟಿ ಚಿಕ್ಕಮ್ಮ ಎಡಗೈಯೊಂದರಲ್ಲೇ ದೊಡ್ಡ ಚಹಾ ಪಾತ್ರೆಯನ್ನು ಆಳುತ್ತಿದ್ದಳು. ನಮ್ಮಮ್ಮನ ತಂಗಿ ಈಕೆ, ಪೂರ್ತಿ ಹೆಸರು ಹೆಟ್ಟಿ ಸಗ್ಡನ್. ನಲವತ್ತು ವರ್ಷ ಗಿರಣಿಯಲ್ಲಿ ನೇಯ್ದವಳು, ಅಳತೆಯಲ್ಲಿ ಕುಳ್ಳಿ, ಮಾತು ಅದಕ್ಕಿಂತ ಚಿಕ್ಕದು. ಹೊಸವರ್ಷದ ದಿನ ಕಟುಕನಂಗಡಿಯ ಮುಂದೆ ಮಂಜುಗಡ್ಡೆಯ ಮೇಲೆ ಜಾರಿ ಬಲಗೈ ಮುರಿದುಕೊಂಡಿದ್ದಳು. ಕೈಯಲ್ಲಿದ್ದ ಹಂದಿಮಾಂಸದ ಕಡುಬುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಎಡಗೈಯಲ್ಲಿ ಆಡಬಹುದಿತ್ತು, ಆದರೆ ಮರೆಮಾಚಿ ಬಿಲ್ಲೆ ಹಿಡಿಯಲು ಬರುವುದಿಲ್ಲ ಎಂದು ಆ ವರ್ಷ ಆಟ ಬಿಟ್ಟು ಚಹಾಕ್ಕೆ ನಿಂತಿದ್ದಳು.

"ಟೆಲಿವಿಷನ್ನಾ?" ಎಂದಳು. "ಇವ್ರನ್ನಾ? ಯಾರೇ ನೋಡ್ತಾರೆ ಇವ್ರನ್ನ?"

"ಇಡೀ ದೇಶ ನೋಡುತ್ತೆ ಚಿಕ್ಕಮ್ಮ. ಬೇರೆ ಏನೂ ಇಲ್ಲ ಇವತ್ತು."

"ಹಂಗಿದ್ರೆ ಪಾಪ, ತೋರ್ಸು."

ಸುದ್ದಿ ಹಾಲ್‌ನೊಳಗೆ ಬೆಂಕಿಯಂತೆ ಹಬ್ಬಿತು. ಅರ್ಧದಷ್ಟು ಹೆಂಗಸರು ಹ್ಯಾಟು ತರಲು ಮನೆಗೆ ಓಡಿದರು. ಫೈನಲ್‌ಗೆ ಬಂದಿದ್ದ ಇಬ್ಬರು ಮಾತ್ರ ಕದಲಲಿಲ್ಲ. ಒಬ್ಬಳು ಕ್ಲಾರಿಸ್ ಬಾಟಮ್ಲಿ, ಗಿರಣಿಯ ಕ್ಯಾಂಟೀನಿನ ಅಡುಗೆಯವಳು, ಕಣಜದಂಥ ಮೈ, ಕಂಚಿನ ಗಂಟಲು. ಇನ್ನೊಬ್ಬಳು ಅಂಚೆಕಚೇರಿಯ ಐವಿ ಥ್ವೇಟ್, ಕಡ್ಡಿಯಂಥ ಹೆಂಗಸು. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಒಂಬತ್ತು "ಮುಂದಿನವರು ಬನ್ನಿ" ಎಂದಿರುತ್ತಿತ್ತು.

ಎರಡು ಗಂಟೆಯ ಹೊತ್ತಿಗೆ ರಸ್ತೆಗೆ ಅಡ್ಡವಾಗಿ ಹಿಮದ ಮೇಲೆ ನಮ್ಮ ಕಪ್ಪು ಕೇಬಲ್ಲು ಹಾವಿನಂತೆ ಮಲಗಿತ್ತು. ಒಂದು ಕ್ಯಾಮೆರಾವನ್ನು ಆರು ಜನ ಹೊತ್ತು, ಭಾನುವಾರದ ಪಾಠಕ್ಕೆ ಮಕ್ಕಳು ಕೂರುವ ಮೇಲಟ್ಟಕ್ಕೆ ಏರಿಸಿದರು. ಅಲ್ಲಿಂದ ಮೇಜು ನೇರ ಕೆಳಗೆ ಕಾಣುತ್ತಿತ್ತು. ಇನ್ನೊಂದು ಕ್ಯಾಮೆರಾ ನೆಲದ ಮೇಲೆ, ಆಟಗಾರ್ತಿಯರ ಮುಖಕ್ಕೆ. ಸ್ಥಳದಲ್ಲಿ ನಿಂತು ಸನ್ನೆ ಕೊಡಬೇಕಾದವನು ಗುಡ್ಡದಾಚೆ ಹಿಮದಲ್ಲಿ ಸಿಕ್ಕಿಬಿದ್ದಿದ್ದ. ಹಾಗಾಗಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿ ನನ್ನನ್ನೇ ನಿಲ್ಲಿಸಿದರು. ವ್ಯಾನಿನಲ್ಲಿ ಕೂತ ಕೆನ್ಯನ್ ನನ್ನ ಕಿವಿಯೊಳಗೆ ಮಾತಾಡುತ್ತಿದ್ದರು.

ವಿವರಣೆಗಾರ ಡೆಸ್ಮಂಡ್ ಪ್ರೌಟ್ ಅವರನ್ನು ಅಡುಗೆಮನೆಯಲ್ಲಿ ಕೂರಿಸಿದೆವು. ಚಹಾ ಕೊಡುವ ಕಿಟಕಿಯ ಗಾಜು ಮುಚ್ಚಿದರೆ ಒಳಗಿನ ಮಾತು ಆಟಗಾರ್ತಿಯರಿಗೆ ಕೇಳುವುದಿಲ್ಲ, ಒಳಗಿದ್ದವರಿಗೆ ಎಲ್ಲ ಕಾಣುತ್ತದೆ. ಪ್ರೌಟ್ ಅಂದರೆ ರಗ್ಬಿಗೇ ಹುಟ್ಟಿದ ದನಿ. ಮೈದಾನದ ಗಾಳಿ, ಮಳೆ, ಇಪ್ಪತ್ತು ಸಾವಿರ ಜನ, ಎಲ್ಲದರ ಮೇಲೆ ತೇಲುವಂಥದ್ದು. ಡಾಮಿನೊ ಬಿಲ್ಲೆಯನ್ನು ಅವರು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

"ನನಗೆ ತಿಳಿದವರು ಯಾರಾದರೂ ಪಕ್ಕದಲ್ಲಿ ಬೇಕಮ್ಮ" ಎಂದರು ಬೆವರುತ್ತ. ನಾನು ಚಿಕ್ಕಮ್ಮನನ್ನೇ ಕೂರಿಸಿ, ಅವರಿಬ್ಬರ ಬದಿಗೆ ಪುಟ್ಟ ಪರದೆಯೊಂದರ ಮುಂದೆ ನಿಂತೆ.

ಆಟ ಸುಲಭ. ಒಂದೊಂದು ಬಿಲ್ಲೆಯ ಎರಡೂ ಅರ್ಧದಲ್ಲಿ ಸೊನ್ನೆಯಿಂದ ಆರರವರೆಗೆ ಚುಕ್ಕಿ. ಇಬ್ಬರೂ ಸಾಲಿನ ಎರಡು ತುದಿಗೆ ಚುಕ್ಕಿ ಹೊಂದುವ ಬಿಲ್ಲೆ ಸೇರಿಸುತ್ತ ಹೋಗುತ್ತಾರೆ, ಬಿಲ್ಲೆ ಮುಗಿದರೆ ಮತ್ತೆ ಕಲಸಿ ಹಂಚಿಕೊಳ್ಳುತ್ತಾರೆ. ಎರಡೂ ತುದಿಯ ಚುಕ್ಕಿಗಳನ್ನು ಕೂಡಿದಾಗ ಬಂದ ಮೊತ್ತದಲ್ಲಿ ಎಷ್ಟು ಮೂರುಗಳು, ಎಷ್ಟು ಐದುಗಳು ಶೇಷವಿಲ್ಲದೆ ಹಿಡಿಯುತ್ತವೋ ಅಷ್ಟು ಅಂಕ. ಮೊದಲು ಅರವತ್ತೊಂದು ಮುಟ್ಟಿದವರು ಗೆದ್ದಂತೆ, ಒಂದು ಹೆಚ್ಚೂ ಆಗಬಾರದು. ಎದುರಾಳಿಯ ಕೈಯಲ್ಲಿ ಏನಿದೆ ಎಂದು ಊಹಿಸುವುದೇ ಅದರ ಜೀವ.

ಎರಡೂ ಮುಕ್ಕಾಲು. ನನ್ನ ಕೈ ಕೆಳಗಿಳಿಯಿತು, ಪ್ರಸಾರ ಶುರುವಾಯಿತು.

ಮೊದಲ ಐದು ನಿಮಿಷ ಪ್ರೌಟ್ ರಗ್ಬಿಯ ಜೋರಿನಲ್ಲೇ ಹೊರಟರು. "ಮಿಸೆಸ್ ಬಾಟಮ್ಲಿ ಬಿಲ್ಲೆ ಎತ್ತಿದರು! ಇಟ್ಟರು! ಎಂಥ ಇಡುವಿಕೆ! ಈಗ ಮಿಸ್ ಥ್ವೇಟ್... ಅವರೂ ಇಟ್ಟರು!" ಹತ್ತನೆಯ ನಿಮಿಷಕ್ಕೆ ಅವರ ಉಸಿರು ಬತ್ತಿತು. ಚಿಕ್ಕಮ್ಮನ ಕಡೆ ತಿರುಗಿದರು.

"ಮಿಸೆಸ್ ಸಗ್ಡನ್, ಈಗ ನಡೆದದ್ದು ಬಹಳ ಮುಖ್ಯವಾದ ಆಟ ಅಂತೀರಾ?"

"ಇಲ್ಲ."

"ಹಾಗಾದರೆ... ಮುಂದಿನದು ಮುಖ್ಯವೋ?"

"ಇರಬೋದು."

ಆಮೇಲೆ ಬರಿ ಬಿಲ್ಲೆಗಳ ಟಕ್ ಟಕ್. ಯಾರೋ ಕೆಮ್ಮಿದರು. ಚಹಾ ಪಾತ್ರೆ ಗೊರಗುಟ್ಟಿತು. ಕೆನ್ಯನ್ ನನ್ನ ಕಿವಿಯಲ್ಲಿ ನರಳಿದರು: "ಇದು ಆಟ ಅಲ್ಲ ಮ್ಯಾವಿಸ್, ಶವಯಾತ್ರೆ. ಎರಡು ನಿಮಿಷ ನೋಡಿ ಕತ್ತರಿಸ್ತೀವಿ ಅಂತಿದ್ದಾರೆ ಮುಖ್ಯ ಕಚೇರಿಯಿಂದ. ಮತ್ತೆ ಅದೇ ಹಿಮಜಾರಾಟ ಹಾಕ್ತಾರಂತೆ. ಸೋಮವಾರದಿಂದ ನೀನು ಟೈಪಿಂಗ್ ವಿಭಾಗಕ್ಕೆ ಹೋಗ್ತೀಯ. ನಾನೂ ನಿನ್ನ ಜೊತೆಗೇ ಬರ್ತೀನೋ ಏನೋ."

ನಾನು ಕಾರ್ಯಕ್ರಮದ ಹಾಳೆಯ ಬೆನ್ನಿಗೆ ದಪ್ಪ ಅಕ್ಷರದಲ್ಲಿ "ಚಿಕ್ಕಮ್ಮ ಮಾತಾಡು. ಏನಾದ್ರೂ. ಇಲ್ದಿದ್ರೆ ನನ್ನ ಕೆಲಸ ಹೋಗುತ್ತೆ" ಎಂದು ಬರೆದು ಅವಳ ಮುಂದೆ ಹಿಡಿದೆ.

ಅವಳು ಓದಿದಳು. ನನ್ನ ಮುಖ ನೋಡಿದಳು. ಕಿಟಕಿಯಾಚೆ ಆಡುತ್ತಿದ್ದ ಇಬ್ಬರನ್ನೂ ಒಂದು ಗಳಿಗೆ ನೋಡಿದಳು, ಮಾರಲು ಹೊರಟ ಆಕಳನ್ನು ನೋಡುವ ಹಾಗೆ. ಆಮೇಲೆ ಓದುವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮೈಕಿನ ಹತ್ತಿರ ಬಗ್ಗಿದಳು.

"ಕ್ಲಾರಿಸ್ ಹತ್ರ ಡಬಲ್ ಆರು ಇದೆ."

ಪ್ರೌಟ್ ಬೆಚ್ಚಿದರು. "ನಿಮಗೆ ಹೇಗೆ ಗೊತ್ತು? ಇಲ್ಲಿಂದ ಆಕೆಯ ಬಿಲ್ಲೆಗಳ ಬೆನ್ನು ಮಾತ್ರ ಕಾಣುತ್ತೆ."

"ಮೂಗು ನೋಡಿ. ಬೆರಳ ಗೆಣ್ಣಿಂದ ಉಜ್ಜಿಕೊಳ್ತಿದ್ದಾಳಲ್ಲ, ಡಬಲ್ ಆರು ಕೈಗೆ ಬಂದಾಗಷ್ಟೇ ಅದು. ನೆಗಡಿ ಆದ್ರೆ ಕರ್ಚೀಪು. ಇದು ನೆಗಡಿ ಅಲ್ಲ."

ನೆಲದ ಕ್ಯಾಮೆರಾ ಕ್ಲಾರಿಸಳ ಮೂಗಿಗೆ ಹೋಯಿತು. ಇಡೀ ಪರದೆಯ ತುಂಬ ಮೂಗು, ಅದರ ಮೇಲೆ ಗೆಣ್ಣು. ಮರುಕ್ಷಣವೇ ಆ ಕೈ ಕೆಳಗಿಳಿದು ಮೇಜಿನ ಮೇಲೆ ಬಿಲ್ಲೆ ಇಟ್ಟಿತು. ಡಬಲ್ ಆರು.

"ಅಯ್ಯೋ ದೇವರೇ!" ಎಂದರು ಪ್ರೌಟ್, ನೇರಪ್ರಸಾರದಲ್ಲೇ. ವ್ಯಾನಿನೊಳಗೆ ಎಲ್ಲರೂ ಒಟ್ಟಿಗೆ ಕೂಗಿದ್ದು ನನ್ನ ಕಿವಿ ಹರಿಯುವಷ್ಟು ಕೇಳಿಸಿತು.

"ಈಗ ಐವಿ," ಎಂದಳು ಚಿಕ್ಕಮ್ಮ, ಅಂಗಡಿ ತೆರೆದವಳಂತೆ. "ಅವ್ಳ ಮುಖದಲ್ಲಿ ಏನೂ ಸಿಗಲ್ಲ, ಬಾಗ್ಲು ಹಾಕಿದ ಮನೆ ಅದು. ಕಾಲು ನೋಡ್ಬೇಕು. ಇಡೋ ಬಿಲ್ಲೆ ಇಲ್ದಿದ್ರೆ ಬಲಗಾಲು ಎಡಗಾಲಿನ ಹಿಂದೆ ಹೋಗಿ ಬಚ್ಚಿಟ್ಕೊಳ್ಳುತ್ತೆ."

ಕ್ಯಾಮೆರಾ ಮೇಜಿನ ಕೆಳಗೆ ಇಳಿಯಿತು. ದಪ್ಪ ಉಣ್ಣೆ ಕಾಲುಚೀಲ ತೊಟ್ಟ ಒಂದು ಕಾಲು ಮೆಲ್ಲಗೆ ಇನ್ನೊಂದರ ಹಿಂದೆ ಸರಿಯಿತು. ಮೇಲೆ ಐವಿ ಮೇಜನ್ನು ಎರಡು ಸಲ ತಟ್ಟಿದಳು. ಇಡಲು ಬಿಲ್ಲೆಯಿಲ್ಲ ಎಂದು ಅರ್ಥ.

ಆಮೇಲೆ ಕಟ್ಟೆಯೊಡೆಯಿತು. ಕ್ಲಾರಿಸ್ ಸೋಲುವ ಭಯದಲ್ಲಿದ್ದಾಗ ಉಂಗುರ ತಿರುಗಿಸುತ್ತಾಳೆ, ಸುಳ್ಳು ಧೈರ್ಯ ತೋರಿಸುವಾಗ ಎದೆಯುಬ್ಬಿಸುತ್ತಾಳೆ. ಐವಿ ಒಳ್ಳೆಯ ಆಟ ಕಟ್ಟುತ್ತಿದ್ದಾಗ ಉಸಿರು ಹಿಡಿಯುತ್ತಾಳೆ. ನೋಡುತ್ತ ಕೂತವರನ್ನೂ ಚಿಕ್ಕಮ್ಮ ಬಿಡಲಿಲ್ಲ: ಮೂರನೆಯ ಸಾಲಿನ ನೀಲಿ ಹ್ಯಾಟಿನವಳು ಕೈಯಲ್ಲಿ ಸೊನ್ನೆಗಳೇ ತುಂಬಿದಾಗ ಸ್ತೋತ್ರ ಗುನುಗುತ್ತಾಳೆ. ಕಿಟಕಿ ಬಳಿಯವಳು ಗೆಲ್ಲುವ ಹೊತ್ತಿಗೆ ಮಿಠಾಯಿ ಚೀಪುವುದು ನಿಲ್ಲಿಸುತ್ತಾಳೆ. ಆಡುತ್ತಿದ್ದ ಇಬ್ಬರ ಬಗ್ಗೆ ಒಂದೊಂದನ್ನೂ ಅವಳು ಹೇಳುವುದಕ್ಕೂ ಅದು ಹಾಗೆಯೇ ನಡೆಯುವುದಕ್ಕೂ ಸರಿಹೋಗುತ್ತಿತ್ತು. ಪ್ರೌಟ್ ವಿವರಣೆ ಬಿಟ್ಟು ಮಗುವಿನ ಹಾಗೆ "ಆಮೇಲೆ? ಆಮೇಲೆ?" ಎನ್ನುತ್ತಿದ್ದರು.

ನನಗೆ ಆಗ ತಿಳಿಯಿತು. ಏಳು ಕಪ್ ಗೆದ್ದದ್ದು ಲೆಕ್ಕದಲ್ಲಿ ಜಾಣೆಯಾಗಿದ್ದಕ್ಕಲ್ಲ. ಇಪ್ಪತ್ತೆಂಟು ವರ್ಷ ಬಾಯಿ ಮುಚ್ಚಿಕೊಂಡು ನೋಡಿದ್ದಕ್ಕೆ. ಅಷ್ಟು ವರ್ಷ ಕೂಡಿಟ್ಟಿದ್ದನ್ನು ಅವಳು ಆ ಮಧ್ಯಾಹ್ನ ಒಂದೊಂದಾಗಿ ತೆಗೆದು ಬೀದಿಗೆಸೆಯುತ್ತಿದ್ದಳು. ನಾನು ಹಾಳೆ ಹಿಡಿದಿದ್ದ ಕೈ ಇಳಿಸಿದೆ. ಸಾಕು ಎನ್ನಬೇಕೆನಿಸಿತು. ಆದರೆ ಸ್ಟಾಪ್‌ವಾಚು ಇನ್ನೂ ಹತ್ತೊಂಬತ್ತು ನಿಮಿಷ ಎನ್ನುತ್ತಿತ್ತು. ನಾನು ಏನೂ ಹೇಳಲಿಲ್ಲ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಹಾಲ್‌ನೊಳಗಿದ್ದವರಿಗೆ ಇದು ಯಾವುದೂ ಗೊತ್ತಿಲ್ಲ. ಆದರೆ ಎದುರಿನ ಫ್ಲೀಸ್ ಎಂಬ ಪಬ್ಬಿನಲ್ಲಿ ಟೆಲಿವಿಷನ್ ಇತ್ತು. ಅದರ ಮುಂದೆ ಊರಿನ ಗಂಡಸರೆಲ್ಲ ಇದ್ದರು. ಮೂರು ಗಂಟೆಗೆ ಪಬ್ಬು ಮುಚ್ಚಬೇಕು, ಕಾನೂನು. ಅವತ್ತು ಮಾಲೀಕ ಬಿಯರು ಸುರಿಯುವುದನ್ನು ನಿಲ್ಲಿಸಿದನೇ ಹೊರತು ಯಾರನ್ನೂ ಹೊರಗೆ ಕಳಿಸಲಿಲ್ಲ. ಅವರ ನಡುವೆ ಕ್ಲಾರಿಸಳ ಗಂಡ ಹೆರಾಲ್ಡ್ ಕೂತಿದ್ದ. ಹೆಂಡತಿಯ ಮೂಗು ದೇಶಕ್ಕೆಲ್ಲ ಕಂಡಾಗ ಅವನು ಹೆಮ್ಮೆಪಟ್ಟನಂತೆ. ಅದರ ಗುಟ್ಟು ರಟ್ಟಾದಾಗ ಎದ್ದು ನಿಂತನಂತೆ. ಅವಳು ಮತ್ತೆ ಮೂಗಿಗೆ ಕೈ ಹಾಕಿದ್ದೇ ತಡ, ಕೋಟೂ ಇಲ್ಲದೆ ಹಿಮದೊಳಗೆ ಓಡಿದನಂತೆ.

ಹಾಲ್‌ನ ಬಾಗಿಲು ದಢಾರನೆ ತೆರೆಯಿತು. ಅರ್ಧ ತುಂಬಿದ ಗ್ಲಾಸು ಇನ್ನೂ ಹೆರಾಲ್ಡನ ಕೈಯಲ್ಲೇ ಇತ್ತು.

"ಕ್ಲಾರಿಸ್! ಮೂಗು! ಮೂಗು ಮುಟ್ಕೋಬೇಡ್ವೇ!"

ಕ್ಲಾರಿಸ್ ಗಾಬರಿಯಿಂದ ಮೂಗು ಹಿಡಿದುಕೊಂಡಳು. "ಏನಾಗಿದೆ ನನ್ ಮೂಗಿಗೆ? ರಕ್ತ ಬರ್ತಿದ್ಯಾ?"

"ಉಜ್ತೀಯಲ್ಲ, ಡಬಲ್ ಆರು ಬಂದ್ರೆ! ಹೆಟ್ಟಿ ಎಲ್ಲಾ ಹೇಳ್ಬಿಟ್ಲು! ಐವಿ ಕಾಲಿಂದೂ! ಇಡೀ ದೇಶಕ್ಕೆ!"

ಅಂಪೈರ್ ಮಿಸ್ಟರ್ ಆಗ್ಡನ್ ಎದ್ದು ನಿಂತರು. ಚಾಪೆಲ್ಲಿನ ಹಿರಿಯರು, ಸದಾ ಕಪ್ಪು ಟೈ. "ಒಂಬತ್ತನೇ ನಿಯಮ. ಆಟ ನಡೀವಾಗ ಹೊರಗಿನವರು ಆಟಗಾರರಿಗೆ ಬುದ್ಧಿ ಹೇಳಿದರೆ ಆ ಆಟಗಾರರು ಸೋತಂತೆ. ಮಿಸೆಸ್ ಬಾಟಮ್ಲಿ, ನನಗೆ ಬಹಳ ಬೇಸರವಾಗುತ್ತೆ, ಆದರೆ..."

ನಾನು ಸ್ಟಾಪ್‌ವಾಚು ನೋಡಿದೆ. ಇನ್ನೂ ಹದಿಮೂರು ನಿಮಿಷವಿತ್ತು.

"ಅವನು ಹೇಳಿದ್ದು ಆಟದ ವಿಷಯ ಅಲ್ಲ." ಮಾತಾಡಿದವಳು ಐವಿ. ಇಡೀ ಹಾಲ್ ಅವಳತ್ತ ತಿರುಗಿತು. "ಮೂಗಿನ ವಿಷಯ. ಕೂತ್ಕೊಳ್ಳಿ ಮಿಸ್ಟರ್ ಆಗ್ಡನ್. ಈ ಥರ ಸಿಕ್ಕ ಕಪ್ ನಂಗ್ಯಾಕೆ?"

ಆಗ್ಡನ್ ಕೂತರು. ಆದರೆ ಕ್ಲಾರಿಸ್ ಎದ್ದಳು. ನೇರ ಅಡುಗೆಮನೆಯ ಕಿಟಕಿಗೆ ನಡೆದು ಗಾಜನ್ನು ಮೇಲೆ ತಳ್ಳಿದಳು. ಎರಡೂ ಕ್ಯಾಮೆರಾ ಅವಳ ಕಡೆ ತಿರುಗಿದವು. ನಾನು ತಡೆಯಬೇಕಿತ್ತು. ಕೆನ್ಯನ್ ಕಿವಿಯಲ್ಲಿ ಪಿಸುಗುಟ್ಟಿದರು: "ತಡೆದ್ರೆ ಕೊಂದುಬಿಡ್ತೀನಿ."

"ಹೆಟ್ಟಿ ಸಗ್ಡನ್! ಮೂವತ್ತು ವರ್ಷದಿಂದ ನನ್ ಮೂಗು ನೋಡ್ಕೊಂಡು ಆಡ್ತಿದ್ಯಾ?"

"ಇಪ್ಪತ್ತೆಂಟು," ಎಂದಳು ಚಿಕ್ಕಮ್ಮ.

"ನನ್ ಮದುವೇಲಿ ಬಡಿಸಿದೋಳು ನೀನು! ನನ್ ಮಗ್ಳಿಗೆ ಹೆಸರಿಟ್ಟೋಳು ನೀನು! ಒಂದಿನ, ಒಂದೇ ಒಂದಿನ, 'ಕ್ಲಾರಿಸ್, ಮೂಗಿಂದ ಕೈ ತೆಗಿಯೇ' ಅನ್ನಕ್ಕೆ ಆಗ್ಲಿಲ್ವಾ ನಿಂಗೆ?"

"ಅಂದಿದ್ರೆ ಕಪ್ ಯಾರ ಮನೇಲಿರ್ತಿತ್ತು?"

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ಕ್ಲಾರಿಸಳ ಬಾಯಿಯ ಒಂದು ಮೂಲೆಯೂ ಅಲುಗಿತು, ಆದರೆ ಅವಳು ಬಿಡಲಿಲ್ಲ.

"ಹಂಗಿದ್ರೆ ಈಗ್ಯಾಕೆ ಬಾಯ್ಬಿಟ್ಟೆ? ನಾಳೆ ನೀನೂ ಆಡ್ಬೇಕಲ್ಲ. ಎಲ್ರೂ ಕೈಕಾಲು ಕಟ್ಕೊಂಡು ಬರ್ತಾರೆ ಇನ್ಮೇಲೆ."

ಚಿಕ್ಕಮ್ಮ ಪ್ಲಾಸ್ಟರ್ ಹಾಕಿದ ಕೈಯಿಂದ ನನ್ನ ಕಡೆ ತೋರಿಸಿದಳು. "ನಮ್ ಹುಡುಗಿಗೆ ನಲವತ್ತು ನಿಮಿಷ ಬೇಕಿತ್ತು ಕಣೇ. ನನ್ ಹತ್ರ ಬೇರೇನಿತ್ತು ಕೊಡಕ್ಕೆ?"

ಕ್ಲಾರಿಸ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಅವಳ ಕ್ಯಾಂಟೀನಿನ ಕಡುಬು ತಿಂದು ಬೆಳೆದವಳು. ಆ ಹೊತ್ತಿಗೆ ನನ್ನ ಕಣ್ಣು ತುಂಬಿ, ಹೆಡ್‌ಫೋನು ಕಿವಿಯಿಂದ ಜಾರಿ, ಗಲ್ಲಕ್ಕೆ ನೇತುಬಿದ್ದಿತ್ತು.

"ಇನ್ನೆಷ್ಟಿದೆ ಮರಿ?" ಎಂದಳು.

"ಒಂಬತ್ತು ನಿಮಿಷ, ಮಿಸೆಸ್ ಬಾಟಮ್ಲಿ."

"ಸರಿ, ತುಂಬ್ಸೋಣ ಬಿಡು." ಹೋಗುವಾಗ ಹೆರಾಲ್ಡನ ಕೊರಳಿನ ಉಣ್ಣೆ ಶಾಲು ಎಳೆದುಕೊಂಡಳು. ಅದನ್ನು ಕಣ್ಣಿನ ಕೆಳಗಿನಿಂದ ಗದ್ದದವರೆಗೆ ಸುತ್ತಿ, ಹಿಂದೆ ಗಂಟು ಹಾಕಿ, ಬ್ಯಾಂಕು ದೋಚುವವಳ ಹಾಗೆ ಕುರ್ಚಿಯಲ್ಲಿ ಕೂತಳು. "ನಡಿ ಐವಿ. ನಿನ್ ಕಾಲಲ್ಲೂ ಏನೋ ಇದ್ಯಂತೆ, ಮೊದ್ಲು ಅದನ್ನ ಸರಿಮಾಡ್ಕೋ."

ಐವಿ ಸದ್ದಿಲ್ಲದೆ ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಮಡಿಸಿಕೊಂಡಳು.

ನಾನು ಕಿಟಕಿಯ ಗಾಜು ಮತ್ತೆ ಇಳಿಸಿದೆ. ಆ ಒಂಬತ್ತು ನಿಮಿಷ ಚಿಕ್ಕಮ್ಮನ ಹತ್ತಿರ ಹೇಳಲು ಏನೂ ಉಳಿದಿರಲಿಲ್ಲ. "ಮಿಸೆಸ್ ಸಗ್ಡನ್, ಆಕೆಯ ಕೈಯಲ್ಲಿ ಏನಿದೆ?" ಎಂದು ಪ್ರೌಟ್ ಕೇಳಿದಾಗ, "ನಂಗೇನು ಗೊತ್ತು? ನಿಮಗೆಷ್ಟು ಕಾಣುತ್ತೋ ನಂಗೂ ಅಷ್ಟೇ" ಎಂದಳು. ಆದರೆ ದನಿಯಲ್ಲಿ ದುಃಖವಿರಲಿಲ್ಲ. ನಿಧಾನಕ್ಕೆ ಕುರ್ಚಿಯ ಅಂಚಿಗೆ ಬಂದಿದ್ದಳು. ಏನು ಬರುತ್ತದೆಂದು ಗೊತ್ತಿಲ್ಲದೆ ಆಟ ನೋಡುವುದು ಅವಳಿಗೆ ಎಷ್ಟೋ ವರ್ಷಗಳ ಮೇಲೆ ಅದೇ ಮೊದಲು.

ಕೊನೆಗೆ ಕ್ಲಾರಿಸಳದು ಐವತ್ತೊಂಬತ್ತು ಅಂಕ, ಐವಿಯದು ಐವತ್ತೆಂಟು. ಒಂದು ತುದಿಯಲ್ಲಿ ನಾಲ್ಕು, ಇನ್ನೊಂದರಲ್ಲಿ ಒಂದು. ಸರದಿ ಕ್ಲಾರಿಸಳದು. ಅವಳಿಗೆ ಬೇಕಾದದ್ದು ಎರಡೇ ಅಂಕ.

"ಒಂದು-ಎರಡು ಇದ್ರೆ ಗೆದ್ಲು!" ಚಿಕ್ಕಮ್ಮ ಮೈಕು ಮರೆತು ಕೂಗಿದಳು. "ಇದ್ಯಾ? ಇದ್ಯೇನೇ?"

ಶಾಲಿನ ಮೇಲಿನ ಎರಡು ಕಣ್ಣು ಮಿಟುಕಲೂ ಇಲ್ಲ. ಕ್ಲಾರಿಸ್ ಇಟ್ಟದ್ದು ಒಂದು-ಮೂರು. ನಾಲ್ಕೂ ಮೂರೂ ಏಳು; ಅಂಕವಿಲ್ಲ. ಐವಿ ಕುರ್ಚಿಯ ಮೇಲೆ ಮಡಿಸಿಕೊಂಡ ಕಾಲಿನಲ್ಲೇ ಮುಂದೆ ಬಗ್ಗಿ, ಆ ಮೂರರ ಪಕ್ಕಕ್ಕೆ ಮೂರು-ಐದನ್ನು ತಂದಿಟ್ಟಳು. ನಾಲ್ಕೂ ಐದೂ ಒಂಬತ್ತು, ಒಂಬತ್ತರಲ್ಲಿ ಮೂರು ಮೂರುಗಳು. ಅರವತ್ತೊಂದು.

ಹಾಲ್ ಕಿತ್ತುಹೋಗುವಂತೆ ಕೂಗಿತು. ಚಿಕ್ಕಮ್ಮ ಎದ್ದ ಭರಕ್ಕೆ ಪ್ರೌಟ್ ಅವರ ಚಹಾ ಅವರ ಒಂಟೆಯುಣ್ಣೆ ಕೋಟಿನ ಮೇಲೆ ಚೆಲ್ಲಿತು. ಐವಿ ಕ್ಯಾಮೆರಾ ಕಡೆ ನೋಡಿ ಇನ್ನೇನೂ ತೋಚದೆ "ಮುಂದಿನವರು ಬನ್ನಿ" ಎಂದಳು. ಮೂರೂ ಇಪ್ಪತ್ನಾಲ್ಕು, ಐವತ್ತೆರಡು ಸೆಕೆಂಡು. ನಾನು ಎಂಟು ಬೆರಳು ಎತ್ತಿದೆ, ಪ್ರೌಟ್ ಒದ್ದೆ ಕೋಟಿನಲ್ಲೇ ನಮಸ್ಕಾರ ಹೇಳಿದರು, ಪರದೆ ಸ್ಟುಡಿಯೋಗೆ ಹೋಯಿತು.

ಆಮೇಲೆ ನಡೆದದ್ದು ಇಷ್ಟು. ಕೆನ್ಯನ್ ಕೊಟ್ಟ ಮಾತಿನಂತೆ ಸೋಮವಾರದ ಸಭೆಯಲ್ಲಿ ತಮ್ಮ ಹೆಸರು ಹೇಳಿದರು. ಪಕ್ಕದಲ್ಲಿ ಕೂತಿದ್ದ ಪ್ರೌಟ್ ನನ್ನ ಹೆಸರು ಹೇಳಿದರು. ಮುಂದಿನ ಶನಿವಾರವೂ ಹಿಮ ಕರಗಲಿಲ್ಲವಾಗಿ, "ನಿಮ್ಮ ಕಡೆ ಇನ್ನೇನಿದೆ ಮ್ಯಾವಿಸ್?" ಎಂದು ಮೇಲಿನವರೇ ಕೇಳಿದರು. ನಾನು ಗುಡ್ಡಗಾಡಿನ ಹಾಲ್‌ಗಳನ್ನೆಲ್ಲ ಸುತ್ತಿದೆ. ಹಿಮ ಕರಗಿದ ಮೇಲೂ ಕಾರ್ಯಕ್ರಮ ಹುಡುಕುವುದೇ ನನ್ನ ಕೆಲಸವಾಯಿತು, ಸ್ಟಾಪ್‌ವಾಚು ನನ್ನ ಕೊರಳಿಗೆ ಮರಳಲಿಲ್ಲ. ಕೆನ್ಯನ್ ಕೂರುತ್ತಿದ್ದ ಆ ಪಕ್ಕದ ಕುರ್ಚಿಗೆ ಹೋಗಲು ಮಾತ್ರ ಮತ್ತೆ ನಾಲ್ಕು ವರ್ಷ ಹಿಡಿಯಿತು.

ಚಿಕ್ಕಮ್ಮನಿಗೆ ಮುನ್ನೂರು ಪತ್ರ ಬಂದವು, ಹೆಚ್ಚಿನವು ಗಂಡಂದಿರ ಬಗ್ಗೆ: 'ನಮ್ಮವರು ತಡವಾಗಿ ಬಂದಾಗ ಕಿವಿ ತುರಿಸಿಕೊಳ್ಳುತ್ತಾರೆ, ಇದಕ್ಕೇನರ್ಥ?' ಒಂದು ಬಿಲಿಯರ್ಡ್ಸ್ ಪಂದ್ಯಕ್ಕೆ ಮಾತಾಡಲು ಸ್ಟುಡಿಯೋದವರು ಕಾರು ಕಳಿಸಿದರು. ಹೋಗಿ ಹತ್ತು ನಿಮಿಷ ಕೂತು, "ಇವ್ರು ಯಾರೋ ಏನೋ, ಪರಿಚಯ ಇಲ್ದೋರ ಬಗ್ಗೆ ಏನ್ ಮಾತಾಡೋದು?" ಎಂದು ವಾಪಸು ಬಂದಳು.

ಮುಂದಿನ ವರ್ಷ ಡಾಮಿನೊ ಪಂದ್ಯಕ್ಕೆ ಊರಿನ ಹೆಂಗಸರು ಶಾಲು, ಕೈಗವಸು, ಒಬ್ಬಳಂತೂ ಕಪ್ಪು ಕನ್ನಡಕ ಧರಿಸಿ ಬಂದರು. ಮುಖ ಮುಚ್ಚಬಾರದೆಂದು ಆಗ್ಡನ್ ಹತ್ತನೆಯ ನಿಯಮ ಬರೆಯಬೇಕಾಯಿತು. ಆದರೇನು, ಎಲ್ಲರೂ ಎಚ್ಚೆತ್ತಿದ್ದರು. ಚಿಕ್ಕಮ್ಮ ಮೊದಲ ಸುತ್ತಿನಲ್ಲೇ ಹತ್ತೊಂಬತ್ತು ವರ್ಷದ ನೂಲುವ ಹುಡುಗಿಯೊಬ್ಬಳಿಗೆ ಸೋತಳು.

ಅವಳನ್ನು ಮನೆಗೆ ಕರೆದುಕೊಂಡು ಹೋಗುವಾಗ ಕೇಳಿದೆ: "ನನ್ ಮೇಲೆ ಸಿಟ್ಟಿದ್ಯಾ ಚಿಕ್ಕಮ್ಮ?"

"ಸಿಟ್ಯಾಕೆ? ಏಳು ಕಪ್ ಒರೆಸೋದ್ರಲ್ಲೇ ನನ್ ಭಾನುವಾರ ಕಳೆದುಹೋಗುತ್ತೆ. ಎಂಟನೇದು ಬಂದಿದ್ರೆ ಇಡಕ್ಕೆ ಜಾಗ ಎಲ್ಲಿತ್ತು?" ಎಂದಳು. ನಾಲ್ಕು ಹೆಜ್ಜೆ ನಡೆದ ಮೇಲೆ, "ಆ ಹುಡುಗಿ ಚೆನ್ನಾಗಾಡ್ತಾಳೆ. ಏನೂ ತೋರಿಸ್ಕೊಳ್ಳಲ್ಲ. ಮೈಯೆಲ್ಲಾ ಹುಡುಕ್ದೆ, ಒಂದೂ ಸಿಗ್ಲಿಲ್ಲ" ಎಂದು ಸೇರಿಸಿದಳು. ಆ ದನಿಯಲ್ಲಿ ಸ್ವಲ್ಪ ನೋವಿತ್ತು. ಅದನ್ನು ಕೇಳಿಸಿಕೊಳ್ಳದವಳಂತೆ ನಡೆದೆ.

ಅರವತ್ತೈದರಲ್ಲಿ ಜೋಡಿ ಪಂದ್ಯ ಶುರುವಾಯಿತು. ಕ್ಲಾರಿಸ್ ಚಿಕ್ಕಮ್ಮನ ಮನೆಗೆ ಬಂದು, ಬಾಗಿಲಲ್ಲೇ ನಿಂತು, "ಎದುರಿಗೆ ಕೂತು ನೋಡಿದ್ದು ಸಾಕು, ಇನ್ಮೇಲೆ ಪಕ್ಕದಲ್ಲಿ ಕೂತ್ಕೋ" ಎಂದಳಂತೆ. ಆ ವರ್ಷದ ಜೋಡಿ ಕಪ್ ಅನ್ನು ಇಬ್ಬರೂ ಆರಾರು ತಿಂಗಳು ಇಟ್ಟುಕೊಂಡರು. ಯಾರು ಮೊದಲು ಎಂಬ ಜಗಳ ಮಾತ್ರ ಬೇಸಗೆಯವರೆಗೂ ನಡೆಯಿತು.